ಅಜ್ಜನ ಊರಿಗೆ ಬರೆದ ಕಾರ್ಡುಗಳು

ಆ ಮನುಷ್ಯ ನಮ್ಮ ಎಸ್ಟೇಟಿಗೆ ಬಂದದ್ದು ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಸುರುವಾಗುವ ಹೊತ್ತಿಗೆ. ಮೂವತ್ತರ ಒಳಗಿನ ವಯಸ್ಸು, ಕೈಯಲ್ಲೊಂದು ತಗಡಿನ ಪೆಟ್ಟಿಗೆ, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ. ಕೂಲಿ ಕೆಲಸ ಕೇಳಿಕೊಂಡು ಬರುವವರು ಇಸ್ತ್ರಿ ಅಂಗಿ ತೊಟ್ಟು ಬರುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಮ್ಮ ಅಪ್ಪ ಆ ಎಸ್ಟೇಟಿನ ರೈಟರು. ರೈಟರೆಂದರೆ ಆಳುಗಳ ಹಾಜರಿ ಹಿಡಿದು, ದೊರೆಯ ಮಾತನ್ನು ಆಳುಗಳಿಗೂ ಆಳುಗಳ ಮಾತನ್ನು ದೊರೆಗೂ ಮುಟ್ಟಿಸುವ ಗುಮಾಸ್ತರು. ಮಾದಾಪುರದಿಂದ ಎರಡು ಮೈಲಿ ಒಳಗಿದ್ದ ಆ ತೋಟದ ಆಫೀಸೆಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ನಾನು ಮಡಿಕೇರಿಯಲ್ಲಿ ನೆಂಟರ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿ ಬಂದು ಮನೆಯಲ್ಲಿ ಕೂತಿದ್ದೆ. ಅಮ್ಮ ಗಂಡು ಹುಡುಕಿಸುತ್ತಿದ್ದಳು. ಅಪ್ಪನ ಇಂಗ್ಲಿಷ್ ಕಾಗದಗಳನ್ನು ನಾನು ಬರೆದುಕೊಡುತ್ತಿದ್ದೆ.

ಬಂದವರು ಪೆಟ್ಟಿಗೆ ತೆರೆದು ಅಪ್ಪನ ಮೇಜಿನ ಮೇಲೆ ಒಂದೊಂದೇ ಕಾಗದ ಇಡತೊಡಗಿದರು. ಪಾಸ್‌ಪೋರ್ಟು, ಮೊಹರು ಬಿದ್ದ ಪ್ರಮಾಣಪತ್ರ, ಮಂಡಪಂ ಕ್ಯಾಂಪಿನ ಆಸ್ಪತ್ರೆ ಚೀಟಿ, ಫೋಟೋ ಅಂಟಿಸಿದ ಇನ್ನೊಂದು ಹಾಳೆ. ಮೇಜು ತುಂಬಿತು.

"ಇದೆಲ್ಲ ಯಾಕಪ್ಪ?" ಅಂದರು ಅಪ್ಪ. "ನಿನ್ನ ಹೆಸ್ರು ಹೇಳು, ನಿಮ್ಮಪ್ಪನ ಹೆಸ್ರು ಹೇಳು, ಸಾಕು."

ಅವರಿಗೆ ಕನ್ನಡ ಬರುತ್ತಿರಲಿಲ್ಲ. ತಮಿಳು ಆಳುಗಳ ಮನೆಸಾಲಾದ ಲೈನಿನ ಮಕ್ಕಳ ಜೊತೆ ಆಡಿ ಬೆಳೆದ ನನಗೆ ತಮಿಳು ಬರುತ್ತಿತ್ತು. ಅಪ್ಪ ಹೇಳಿದ್ದನ್ನು ನಾನು ತಮಿಳಿನಲ್ಲಿ ಹೇಳಿದೆ. ಅವರು ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು.

"ಪೇಪರ್ ವೇಂಡಾಮಾ, ಐಯಾ?" ಕಾಗದ ಬೇಡವೇ ಎಂದು ಎರಡು ಸಲ ಕೇಳಿದರು.

"ಬೇಡ. ಕಂಬಳಿ ತಗೊಂಡು ಹೋಗು. ಇಲ್ಲಿ ಚಳಿ ಜಾಸ್ತಿ."

ಅವರು ಕಾಗದಗಳನ್ನು ಮಡಿಸಿ ಪೆಟ್ಟಿಗೆಗೆ ಹಾಕಿ, ಬಾಗಿಲ ತನಕ ಹೋಗಿ ಮತ್ತೊಮ್ಮೆ ತಿರುಗಿ ನೋಡಿದರು. ಅದು ಯಾಕೆಂದು ಗೊತ್ತಾಗಲು ನನಗೆ ಸ್ವಲ್ಪ ದಿನ ಬೇಕಾಯಿತು.

ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ತಂಗಚ್ಚಿ ಅನ್ನುತ್ತಿದ್ದರು. ಇಲ್ಲಿಯೂ ಅಣ್ಣ ಎಂದೇ ಬರೆಯುತ್ತೇನೆ. ಅಣ್ಣ ಹುಟ್ಟಿದ್ದು ಸಿಲೋನಿನ ಟೀ ಎಸ್ಟೇಟಿನ ಲೈನಿನಲ್ಲಿ. ಅವರ ಅಪ್ಪನೂ ಅಲ್ಲೇ ಹುಟ್ಟಿದ್ದು. ಸಿಲೋನಿಗೆ ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿ ಹೊಸ ಕಾನೂನು ಬಂತು. ಪ್ರಜೆಯಾಗಬೇಕಾದರೆ ಅಪ್ಪ ಅಲ್ಲೇ ಹುಟ್ಟಿದ್ದಕ್ಕೆ ಕಾಗದ ಬೇಕು, ಇಲ್ಲದಿದ್ದರೆ ಅಜ್ಜ ಮುತ್ತಜ್ಜ ಇಬ್ಬರೂ ಹುಟ್ಟಿದ್ದಕ್ಕೆ ಬೇಕು. ಅದೂ ಆಗದಿದ್ದರೆ ಇಷ್ಟು ವರ್ಷ ದೇಶ ಬಿಡದೆ ಇದ್ದೇನೆಂದು ಅರ್ಜಿ ಹಾಕಿ ಸಾಬೀತು ಮಾಡಬೇಕು. ಅಣ್ಣನ ಅಪ್ಪ ಹುಟ್ಟಿದ ಎಸ್ಟೇಟಿನ ಹಳೇ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಅರ್ಜಿ ಬಿದ್ದುಹೋಯಿತು. ಅಣ್ಣ ಸಿಲೋನಿನಲ್ಲೇ ಇದ್ದ ಇಂಡಿಯಾದ ಕಚೇರಿಗೆ ಹೋಗಿ ತಮ್ಮ ಅಜ್ಜನ ಊರು ಹೇಳಿ ಇಂಡಿಯಾದವರೆಂದು ಬರೆಸಿಕೊಂಡರು. ಬರೆಸಿಕೊಂಡ ಮೇಲೆ ಅಲ್ಲಿ ಕೆಲಸ ಹೋಯಿತು, ಇಂಥ ದಿನದೊಳಗೆ ಹೊರಡಬೇಕೆಂದು ಚೀಟಿ ಬಂತು.

ಆಗ ಹೆಂಡತಿ ಏಳು ತಿಂಗಳ ಬಸುರಿ, ತವರಿನಲ್ಲಿದ್ದಳು. ಅವಳ ಅಪ್ಪನ ಅರ್ಜಿ ಸಿಲೋನಿನ ಕಚೇರಿಯಲ್ಲಿ ಇನ್ನೂ ವಿಚಾರಣೆಯಲ್ಲಿತ್ತು. ಮಗಳು ಇಂಡಿಯಾದವಳೆಂದು ಬರೆಸಿಕೊಟ್ಟರೆ ನನ್ನ ಅರ್ಜಿಯೂ ಕೆಡುತ್ತದೆ ಎಂದು ಆತ ಒಂದು ಕಾಗದವನ್ನೂ ಕೊಡಲಿಲ್ಲ. ಆತನ ಭಯವೂ ಸುಳ್ಳಲ್ಲ. ಮನೆಯಲ್ಲಿ ಒಬ್ಬರು ಆ ದೇಶ ಎಂದರೆ ಉಳಿದವರನ್ನೂ ಅನುಮಾನಿಸುವ ಕಾಲ ಅದು.

ಅಣ್ಣ ಧನುಷ್ಕೋಡಿಗೆ ಹಡಗಿನಲ್ಲಿ ಒಬ್ಬರೇ ಬಂದಿಳಿದರು. ಸಿಲೋನಿಗೆ ಹೋಗಿಬರುವವರನ್ನು ತಪಾಸಣೆ ಮಾಡುವ ಮಂಡಪಂ ಕ್ಯಾಂಪಿನಲ್ಲಿ ಸಿಕ್ಕ, ತೋಟಗಳಿಗೆ ಆಳು ಕೂಡಿಸುವ ಒಬ್ಬ ಮೇಸ್ತ್ರಿ ಕೊಡಗಿನ ದಾರಿ ತೋರಿಸಿದ. ಇಲ್ಲಿಗೆ ಬಂದ ಮೂರನೇ ವಾರ ಮಗಳು ಹುಟ್ಟಿದ ಕಾಗದ ಬಂತು. ಆ ಕಾಗದವನ್ನು ಓದಿ, ನನ್ನ ಬಾಯಲ್ಲಿ ಅಮ್ಮನಿಗೆ ಹೇಳಿಸಿ, ಅಣ್ಣ ನಮ್ಮ ಜಗಲಿಯ ಕಂಬ ಹಿಡಿದುಕೊಂಡು ಅತ್ತರು. ಅಮ್ಮ ಅವರಿಗೆ ಬೆಲ್ಲದ ಕಾಫಿ ಕೊಟ್ಟಳು. ಟೀ ಕುಡಿದು ಬೆಳೆದ ಅವರು ಅದನ್ನು ಮುಖ ಕಿವುಚಿಕೊಂಡೇ ಕುಡಿದರು. ಅಳುತ್ತಿದ್ದವರ ಆ ಮುಖ ನೋಡಿ ಅಮ್ಮನಿಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕರು.

ಹೆಂಡತಿಯನ್ನು ಕರೆಸುವುದು ಹೇಗೆ ಎಂಬುದೇ ಅಲ್ಲಿಂದ ಮುಂದಿನ ಮಾತಾಯಿತು. ಅವಳೂ ಇಂಡಿಯಾದವಳೆಂದು ಅಲ್ಲಿನ ನಮ್ಮ ಕಚೇರಿಯಲ್ಲಿ ಬರೆಸಿಕೊಳ್ಳಬೇಕು. ಅದಕ್ಕೆ ಅವಳ ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿಯರಲ್ಲಿ ಒಬ್ಬರಾದರೂ ಇಂಡಿಯಾದಲ್ಲಿ ಹುಟ್ಟಿದ್ದಕ್ಕೆ ಪುರಾವೆ ಬೇಕು. ಅದರ ಜೊತೆಗೆ ಗಂಡ ಇಂಥಲ್ಲಿ ಕೆಲಸದಲ್ಲಿದ್ದಾನೆ, ಹೇಳುತ್ತಿರುವುದು ನಿಜ ಎಂದು ಇಲ್ಲಿನ ಅಧಿಕಾರಿ ಬರೆದುಕೊಡಬೇಕು. ಅಪ್ಪ ಆ ಕಚೇರಿಯಿಂದ ಬಂದ ಕಾಗದ ಓದಿ, "ನಮ್ಮ ಕಾನೂನೂ ಏನ್ ಕಮ್ಮಿ ಇಲ್ಲ ಕಣೇ," ಅಂದರು.

ದೊರೆಯ ಹತ್ತಿರ ಕೆಲಸದ ಪತ್ರ ಬರೆಸಬೇಕಿತ್ತು. ದೊರೆ ಇಂಗ್ಲೆಂಡಿನವನು, ಅರವತ್ತರ ಮುದುಕ. ನಾನು ಬರೆದಿಟ್ಟ ಒಕ್ಕಣೆ ಓದಿ, ಹರಿದು, ತಾನೇ ಕೂತು ಬರೆದುಕೊಟ್ಟ. ಅದರಲ್ಲಿ ಅಣ್ಣನನ್ನು ಹೊಗಳಿ ನಾಲ್ಕು ಸಾಲು ಹೆಚ್ಚಿಗೆ ಇದ್ದವು. ಬರೆಯುತ್ತಾ ಅಪ್ಪನ ಹತ್ತಿರ ಹೇಳಿದನಂತೆ: "ನನ್ನ ತಂಗಿ ಆಸ್ಟ್ರೇಲಿಯಾದಲ್ಲಿದ್ದಾಳೆ, ರೈಟರ್. ನಾನು ನಾಳೆ ಹೋದರೆ ಬಾ ಅನ್ನುತ್ತಾರೆ. ನನ್ನ ಬಟ್ಲರ್ ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಾನೆ, ಅಡುಗೆ ಮಾಡುತ್ತಾನೆ. ಅವನಿಗೆ ಅಲ್ಲಿ ನೆಲೆಸಲು ಬಿಡುವುದಿಲ್ಲ. ಮೈಬಣ್ಣ ನೋಡುತ್ತಾರೆ. ನಾನು ಈ ದೇಶಕ್ಕೆ ಬಂದಿಳಿದಾಗ ನನ್ನನ್ನು ಯಾರು ಏನು ಕೇಳಿದರು?" ಅಪ್ಪ ಇದನ್ನು ಊಟದ ಹೊತ್ತಿನಲ್ಲಿ ಹೇಳಿದರು. ದೊರೆ ಹಾಗೆಲ್ಲ ಮಾತಾಡುವವನಲ್ಲವಾದ್ದರಿಂದ ನಮಗೆ ಆಶ್ಚರ್ಯವಾಯಿತು.

ಆ ಪತ್ರ ಹಿಡಿದು ನಾವು ಮೂವರು ನಾಡಕಚೇರಿಗೆ ನಡೆದೆವು. ಅಲ್ಲಿನ ಅಧಿಕಾರಿಯನ್ನು ಕೊಡಗಿನಲ್ಲಿ ಪಾರುಪತ್ಯಗಾರರು ಎನ್ನುತ್ತಿದ್ದರು. ಕಂದಾಯದಿಂದ ಹಿಡಿದು ಪ್ರಮಾಣಪತ್ರದವರೆಗೆ ಎಲ್ಲ ಅವರ ಕೈಯಲ್ಲೇ. ಆಗಿನವರು ಕೊಡವರು, ನಾಪೋಕ್ಲು ಕಡೆಯವರು. ಎತ್ತರದ ಆಳು, ದಪ್ಪ ಮೀಸೆ. ಜೋರು ಮನುಷ್ಯ ಎಂದು ಹೆಸರು. ಎಲ್ಲವನ್ನೂ ನಿಂತುಕೊಂಡೇ ಓದಿದರು.

"ಈ ಅಜ್ಜನ ಊರು ಯಾರ್ದು? ಇವಂದಾ, ಹೆಂಡ್ತೀದಾ?"

"ಹೆಂಡ್ತೀದು, ಸ್ವಾಮಿ," ಅಂದರು ಅಪ್ಪ.

"ಪುದೂರು ಅಂತ ಬರ್ದಿದ್ದೀರಿ. ಯಾವ ಪುದೂರು?"

ಅಣ್ಣನಿಗೆ ಗೊತ್ತಿರಲಿಲ್ಲ. ಹೆಂಡತಿಯ ಅಜ್ಜ ಪುದೂರಿನವನು, ಕುಂಬಾರರ ಮನೆಯವನು ಎಂಬುದಷ್ಟೇ ಗೊತ್ತು.

"ನೋಡಿ ರೈಟ್ರೇ, ಇವ ಸುಳ್ಳು ಹೇಳ್ತಾ ಇದ್ದಾನೆ ಅಂತ ನಾನು ಹೇಳೋದಿಲ್ಲ. ಆದ್ರೆ ನಿಜ ಅಂತ ಬರ್ದು ರುಜು ಹಾಕ್ಬೇಕಾದವ ನಾನಲ್ಲವಾ? ಆ ಅಜ್ಜನ್ನ ಬಲ್ಲವರು ಯಾರಾದ್ರೂ ಒಬ್ರು ಹೇಳ್ಬೇಕು. ಆಗ ಬನ್ನಿ."

ಕಾಗದಗಳನ್ನು ಜೋಡಿಸಿ ವಾಪಸು ಕೊಟ್ಟರು. ದಾರಿಯುದ್ದಕ್ಕೂ ನನಗೆ ಆ ಮೀಸೆಯ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಪುದೂರು ಎಂದರೆ ಹೊಸೂರು ಎಂದಷ್ಟೇ ಅರ್ಥ. ತಮಿಳು ಸೀಮೆಯಲ್ಲಿ ಆ ಹೆಸರಿನ ಊರಿಲ್ಲದ ತಾಲೂಕೇ ಇರಲಾರದು. ದಾರಿ ತೋರಿಸಿದವರು ಮಾದಾಪುರದ ಪೋಸ್ಟ್ ಮಾಸ್ತರರು. ಅವರ ಹತ್ತಿರ ಪೋಸ್ಟಾಫೀಸುಗಳ ಪಟ್ಟಿಯ ದಪ್ಪ ಪುಸ್ತಕವಿತ್ತು. ಅದರಲ್ಲಿ ಬೆರಳಾಡಿಸಿ, ಸಿಲೋನಿಗೆ ಹೆಚ್ಚು ಆಳುಗಳು ಹೋದ ಸೇಲಂ, ತಿರುಚಿ, ಮಧುರೆ ಜಿಲ್ಲೆಗಳ ಪುದೂರುಗಳನ್ನು ಹುಡುಕಿ ಕೊಟ್ಟರು. ಹನ್ನೊಂದು ಸಿಕ್ಕವು. ಹನ್ನೊಂದು ಕಾರ್ಡು ಕೊಂಡೆವು. ಅಣ್ಣ ತಮಿಳಿನಲ್ಲಿ ಬರೆದರು: ನಿಮ್ಮೂರಿನ ಕುಂಬಾರರ ಮನೆಯಿಂದ ಇಂಥ ಹೆಸರಿನ ಹುಡುಗನೊಬ್ಬ ಬಹಳ ಹಿಂದೆ ಮೇಸ್ತ್ರಿಯ ಜೊತೆ ಸಿಲೋನಿಗೆ ಹೋದದ್ದನ್ನು ಬಲ್ಲವರಿದ್ದಾರೆಯೇ? ಇದನ್ನು ದಯವಿಟ್ಟು ಊರಿನ ಹಿರಿಯರಿಗೆ ಓದಿ ಹೇಳಬೇಕೆಂದು ಅಲ್ಲಿನ ಪೋಸ್ಟ್ ಮಾಸ್ತರರಿಗೆ ಮೇಲ್ಗಡೆ ಎರಡು ಸಾಲು ಇಂಗ್ಲಿಷಿನಲ್ಲಿ ನಾನು ಬರೆದೆ.

ಆಮೇಲೆ ಕಾಯುವುದೇ ಕೆಲಸ. ಪೋಸ್ಟಾಫೀಸಿನ ಪಕ್ಕದಲ್ಲೇ ಒಬ್ಬ ಕಾಕನ ಚಾದಂಗಡಿ. ಕಾಕ ಮಲಬಾರಿನ ಮುಸಲ್ಮಾನರು. ಯುದ್ಧಕ್ಕೆ ಮುಂಚೆ ಬರ್ಮಾದಲ್ಲಿ ಅಂಗಡಿ ಇಟ್ಟಿದ್ದವರು, ಬಾಂಬು ಬಿದ್ದಾಗ ಕಾಡುದಾರಿಯಲ್ಲಿ ನಡೆದುಕೊಂಡೇ ಇಂಡಿಯಾಕ್ಕೆ ಬಂದವರು. ಸಂತೆಯ ದಿನಗಳಲ್ಲಿ ಅಪ್ಪ, ಅಣ್ಣ, ನಾನು ಟಪಾಲು ವಿಂಗಡಿಸುವವರೆಗೆ ಅಲ್ಲಿ ನಿಲ್ಲುತ್ತಿದ್ದೆವು. ಅಣ್ಣನಿಗೆ ಇಲ್ಲಿ ಸರಿಯಾದ ಟೀ ಸಿಗುತ್ತಿದ್ದುದು ಅದೊಂದೇ ಕಡೆ. ಅಷ್ಟರಲ್ಲಿ ಅವರಿಗೂ ಹರಕು ಮುರುಕು ಕನ್ನಡ ಬರುತ್ತಿತ್ತು. ಕಾಕ ಮತ್ತು ಅಣ್ಣ, ಒಂದೇ ಕಾಯಿಲೆ ಬಿದ್ದ ಇಬ್ಬರು ಆಸ್ಪತ್ರೆ ಜಗಲಿಯಲ್ಲಿ ಕೂತು ಮಾತಾಡುವ ಹಾಗೆ, ಯಾವ ದೇಶದ ಕಾನೂನು ಹೆಚ್ಚು ಗಟ್ಟಿ ಎಂದು ವಾದ ಮಾಡುತ್ತಿದ್ದರು.

"ನನ್ನ ಸ್ವಂತ ಅಣ್ಣ ಯುದ್ಧ ಮುಗಿದ ಮೇಲೆ ವಾಪಾಸು ಬರ್ಮಾಕ್ಕೆ ಹೋದ," ಎನ್ನುತ್ತಿದ್ದರು ಕಾಕ. "ಅವನ ಅಂಗಡಿ ಅಲ್ಲೇ ಉಂಟು, ಬರ್ಮಾ ಮಾತು ನೀರು ಕುಡಿದ ಹಾಗೆ ಆಡ್ತಾನೆ. ಈಗ ಅವ ಫಾರಿನರ್. ವರ್ಷ ವರ್ಷ ಫೋಟೋ ಕೊಟ್ಟು ಚೀಟಿ ಹೊಸ್ತು ಮಾಡಿಸ್ಬೇಕು. ಒಂದು ವರ್ಷ ಮರೆತ್ರೆ ಮುಗೀತು."

"ಚೀಟಿ ಮಾಡಿದ್ರೆ ಇರಕ್ಕೆ ಬಿಡ್ತಾರೆ ಅಲ್ಲ, ಕಾಕಾ," ಎನ್ನುವರು ಅಣ್ಣ. "ನಮಗೆ ಅಜ್ಜನ ಚೀಟಿ ಕೇಳ್ತಾರೆ. ಅಜ್ಜ ಹುಟ್ಟುವಾಗ ಚೀಟಿ ಎಲ್ಲಿ ಇತ್ತು?"

"ಆದ್ರೆ ನಿನ್ನನ್ನು ಯಾರೂ ಕಾಡಲ್ಲಿ ನಡೆಸ್ಲಿಲ್ಲ."

"ನಡೆದಿದ್ರೆ ಹೆಂಡ್ತೀನ ಜೊತೇಲಿ ನಡೆಸ್ಕೊಂಡು ಬರ್ತಿದ್ದೆ."

ಕಾಕ ಅಣ್ಣನ ಲೋಟಕ್ಕೆ ಕೇಳದೆಯೇ ಇನ್ನಷ್ಟು ಟೀ ಹಾಕಿದರು. ಕಾಕನ ಹೆಂಡತಿ ಆ ಕಾಡುದಾರಿಯಲ್ಲೇ ತೀರಿಕೊಂಡದ್ದೆಂದು ಅಪ್ಪ ಆಮೇಲೆ ಹೇಳಿದರು.

ಮೊದಲ ಉತ್ತರಗಳು ಬೇಗನೇ ಬಂದವು. ಒಂದು ಪುದೂರಿನಲ್ಲಿ ಕುಂಬಾರರೇ ಇಲ್ಲ. ಇನ್ನೊಂದರಲ್ಲಿ ಇದ್ದಾರೆ, ಆದರೆ ಯಾರೂ ಹೋಗಿಲ್ಲ. ಮೂರನೆಯ ಊರಿನವರು, ನೀವು ಕೇಳಿದವರು ನಮ್ಮವರಲ್ಲ, ಆದರೆ ನಮ್ಮ ಹುಡುಗನೊಬ್ಬ ಮಲಯಾಕ್ಕೆ ಹೋದವನು ಕಾಗದ ಬರೆದಿಲ್ಲ, ನಿಮ್ಮ ಕಡೆಯಲ್ಲಿ ಯಾರಿಗಾದರೂ ಗೊತ್ತೇ ಎಂದು ಕೇಳಿದ್ದರು. ಅಣ್ಣ ಅದಕ್ಕೂ ಕೂತು ಉತ್ತರ ಬರೆದರು. ಆಮೇಲೆ ಮಳೆ ಹಿಡಿಯಿತು. ಹೊಳೆ ತುಂಬಿ ಬಸ್ಸು ನಿಂತಿತು, ಟಪಾಲೂ ನಿಂತಿತು.

ಮಳೆ ಒಂದಿಷ್ಟು ಬಿಟ್ಟ ಒಂದು ಮಧ್ಯಾಹ್ನ ಅಣ್ಣ ತೋಟದ ನಡುವೆ ಓಡಿಕೊಂಡು ಬಂದರು. ಕೈಯಲ್ಲಿದ್ದದ್ದು ಕಾರ್ಡಲ್ಲ, ಲಕೋಟೆ. ಮನೆಯೊಳಗೆ ಬಂದು ಒಲೆಯ ಹತ್ತಿರ ನಿಂತು ನಮಗೆಲ್ಲ ಓದಿದರು. ತಮಿಳು ಸಾಲು ಓದುವುದು, ತಮಗೆ ಬರುವ ಕನ್ನಡದಲ್ಲಿ ಹೇಳುವುದು.

ಬರೆದವರು ಆ ಊರಿನ ಪೋಸ್ಟ್ ಮಾಸ್ತರರು. ಕಾರ್ಡನ್ನು ಕುಂಬಾರರ ಕೇರಿಯಲ್ಲಿ ಓದಿದೆ. ಎಪ್ಪತ್ತು ದಾಟಿದ ಒಬ್ಬ ಮುದುಕಿ, ಅದು ನನ್ನ ಅಣ್ಣ ಎಂದು ಎದ್ದು ನಿಂತಳು. ಅವನು ಹೋದಾಗ ತಾನು ಹತ್ತು ವರ್ಷದವಳು ಎನ್ನುತ್ತಾಳೆ. ಇವನೇ ಎಂದು ಹೇಗೆ ಹೇಳುತ್ತೀ ಎಂದು ಕೇಳಿದೆ. ಮಡಕೆ ಸುಡುವ ಆವಿಗೆಯಿಂದ ಕೆಂಡ ಸಿಡಿದು ಅಣ್ಣನ ಎಡಗಿವಿಯ ಹಿಂದೆ ಹುಣಸೆಬೀಜದಷ್ಟು ಸುಟ್ಟ ಕಲೆ ಇತ್ತು, ಆ ಕೆಂಡ ಕೆದಕಿದವಳು ನಾನೇ ಎನ್ನುತ್ತಾಳೆ. ಕೆಳಗೆ ಮುದುಕಿಯ ಹೆಬ್ಬೆಟ್ಟು ಒತ್ತಿಸಿದ್ದರು.

"ಕಲೆ ಇತ್ತಾ?" ಅಂದಳು ಅಮ್ಮ.

"ತೆರಿಯಾದು, ಅಮ್ಮಾ," ಅಂದರು ಅಣ್ಣ. ಗೊತ್ತಿಲ್ಲ. ಅವರ ಮದುವೆಯಾಗುವ ಹೊತ್ತಿಗೆ ಆ ಅಜ್ಜ ತೀರಿಹೋಗಿದ್ದ.

ಅಪ್ಪ ಕೂಡಲೇ ಒಂದು ಮಾತು ಹೇಳಿದರು, ಅದಕ್ಕಾಗಿ ಅಪ್ಪನನ್ನು ಇವತ್ತಿಗೂ ಮೆಚ್ಚುತ್ತೇನೆ. "ಈ ಕಾಗದದ ವಿಷ್ಯ ನಿನ್ನ ಹೆಂಡ್ತಿಗೆ ಬರೀಬೇಡ. ಅಜ್ಜನ ಮೈಮೇಲೆ ಏನಾದ್ರೂ ಗುರುತು ಇತ್ತಾ ಅಂತ ಮಾತ್ರ ಕೇಳು."

ಹಾಗೇ ಬರೆದರು. ಐದು ವಾರಕ್ಕೆ ಸಿಲೋನಿನಿಂದ ಉತ್ತರ ಬಂತು. ಅಜ್ಜನ ಎಡಗಿವಿಯ ಹಿಂದೆ ಸುಟ್ಟ ಕಲೆ ಇತ್ತು, ಚಿಕ್ಕವಳಿದ್ದಾಗ ಅವನ ಹೆಗಲ ಮೇಲೆ ಕೂತು ಅದನ್ನು ಮುಟ್ಟುತ್ತಿದ್ದೆ, ಇದನ್ನು ಈಗ ಯಾಕೆ ಕೇಳುತ್ತೀರಿ?

ಎರಡೂ ಕಾಗದ ಹಿಡಿದು ಮತ್ತೆ ನಾಡಕಚೇರಿಗೆ ಹೋದೆವು. ತಮಿಳು ಓದಿ ಹೇಳಲು ಪೋಸ್ಟ್ ಮಾಸ್ತರರೂ ಬಂದರು. ಪಾರುಪತ್ಯಗಾರರು ಈ ಸಲ ಕೂತು ಕೇಳಿದರು.

"ನೀವು ಕಾರ್ಡಿನಲ್ಲಿ ಕಲೆ ವಿಷಯ ಬರ್ದಿರಲಿಲ್ಲವಾ?"

"ಇಲ್ಲ ಸ್ವಾಮಿ, ನಮಗೇ ಗೊತ್ತಿರಲಿಲ್ಲ," ಅಂದೆ ನಾನು. ಅಪ್ಪ ಇರುವಾಗ ನಾನು ಬಾಯಿ ಹಾಕಿದ್ದು ಅದೇ ಮೊದಲು.

"ಹೆಂಡ್ತಿಗೆ ಬರೆಯುವಾಗ?"

"ಆಗ್ಲೂ ಬರೀಲಿಲ್ಲ. ಅಪ್ಪ ಬೇಡ ಅಂದ್ರು."

ಅವರು ಅಪ್ಪನ ಕಡೆ ನೋಡಿ ತಲೆಯಾಡಿಸಿದರು. ಎರಡು ಕಾಗದಗಳನ್ನೂ ಪಕ್ಕಪಕ್ಕದಲ್ಲಿಟ್ಟರು. ಆಮೇಲೆ ಪೆನ್ನು ತೆಗೆದುಕೊಂಡು, ಗುಮಾಸ್ತನಿಗೆ ಹೇಳದೆ, ತಾವೇ ಒಂದೂವರೆ ಪುಟ ಬರೆದರು. ಮೊಹರು ಒತ್ತಿ, ಆರಲೆಂದು ಊದಿ, ಅಣ್ಣನ ಕೈಗೇ ಕೊಟ್ಟರು. ಅಣ್ಣ ಕಾಲಿಗೆ ಬೀಳಲು ಬಗ್ಗಿದಾಗ, "ಏಯ್, ಅದೆಲ್ಲ ಬೇಡ," ಎಂದು ಗದರಿಸಿದರು. ನಾವು ಹೊರಡುವಾಗ ನನ್ನನ್ನು ನಿಲ್ಲಿಸಿ, "ಅರ್ಜಿಯೆಲ್ಲ ಬರ್ದದ್ದು ಯಾರು? ನೀನಾ? ಮನೆಯಲ್ಲಿ ಕೂತು ಎಂತ ಮಾಡ್ತೀ? ಮಡಿಕೇರಿಯಲ್ಲಿ ಟೀಚರ್ ಟ್ರೈನಿಂಗಿಗೆ ಹುಡ್ಗೀರನ್ನ ತಗೊಳ್ತಾರೆ, ಅರ್ಜಿ ಹಾಕು," ಅಂದರು. ಅಪ್ಪ ಬೇಡವೆನ್ನಲು ಆಗದ ಕಡೆಯಿಂದ ಆ ಮಾತು ಬಂತು. ನನ್ನ ಮೂವತ್ತು ವರ್ಷದ ಮೇಷ್ಟ್ರಗಿರಿ ಸುರುವಾದದ್ದು ಹೀಗೆ.

ಮುಂದಿನ ಪಿಕಿಂಗ್ ಮುಗಿಯುವ ಹೊತ್ತಿಗೆ, ಆ ಪತ್ರದಿಂದ ಪಾಸ್‌ಪೋರ್ಟು ಸಿಕ್ಕಿದೆ, ಇಂಥ ದಿನ ಮೈಸೂರು ಸ್ಟೇಷನ್ನಿಗೆ ಬರುತ್ತೇನೆಂದು ಅಣ್ಣನ ಹೆಂಡತಿಯ, ನಮ್ಮ ಅತ್ತಿಗೆಯ, ಕಾಗದ ಬಂತು. ಅಪ್ಪ, ಅಣ್ಣ, ನಾನು ಹೋದೆವು. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಆಗ ಮೈಸೂರು ರಾಜ್ಯ. ಕೊಡಗಿನ ಅಕ್ಕಿ ಕದ್ದು ಸಾಗಿಸುತ್ತಾರೆಂದು ಅಲ್ಲಿ ಪೊಲೀಸಿನವನು ಬಸ್ಸು ಹತ್ತಿ ಎಲ್ಲರ ಚೀಲ ಹಿಸುಕಿ ನೋಡಿದ.

ಅತ್ತಿಗೆ ರೈಲಿನಿಂದ ಇಳಿದಾಗ ಅಣ್ಣ ಇದ್ದಲ್ಲೇ ನಿಂತುಬಿಟ್ಟರು. ಒಂದು ವರ್ಷ ದಾಟಿದ್ದ ಹೆಣ್ಣುಮಗು ಅವಳ ಕುತ್ತಿಗೆಗೆ ಜೋತುಬಿದ್ದಿತ್ತು. ಅಪ್ಪನೇ ಹೋಗಿ ಪೆಟ್ಟಿಗೆ ಇಳಿಸಿಕೊಂಡರು. ಅಣ್ಣ ಹತ್ತಿರ ಹೋಗಿ ಕೈ ಚಾಚಿದರೆ ಮಗು ಕಿರುಚಿ ಅಳತೊಡಗಿತು. ಬಸ್ಸು ಮೈಸೂರು ದಾಟುವವರೆಗೂ ಅವರ ಕಡೆ ತಿರುಗಿ ನೋಡಲಿಲ್ಲ. ಹುಣಸೂರಿನ ಹತ್ತಿರ ನಿದ್ದೆ ಬಂದು, ಎಚ್ಚರವಾದಾಗ ಅಣ್ಣನ ತೊಡೆಯ ಮೇಲಿತ್ತು. ಅಲ್ಲೇ ಉಳಿಯಿತು.

ಸೇತುವೆಯ ಹತ್ತಿರ ಬಂದಾಗ ಅಪ್ಪ ಕೈ ತೋರಿಸಿ, "ಇಲ್ಲಿಂದಾಚೆ ನಮ್ಮ ಕೊಡಗು, ಬೇರೆ ರಾಜ್ಯ," ಅಂದರು. ಅಣ್ಣ ಅದನ್ನು ತಮಿಳಿನಲ್ಲಿ ಹೇಳಿದ್ದೇ ತಡ, ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಸೆರಗಿನೊಳಗಿಂದ ಬಟ್ಟೆಯ ಚೀಲ ತೆಗೆದು ಪಾಸ್‌ಪೋರ್ಟು ಕೈಯಲ್ಲಿ ಹಿಡಿದು ನೆಟ್ಟಗೆ ಕೂತಳು. ಬಸ್ಸು ನಿಲ್ಲಲಿಲ್ಲ. ಕಾವೇರಿ ಹಿಂದೆ ಹೋಯಿತು, ಕುಶಾಲನಗರದ ಅಂಗಡಿಗಳು ಬಂದವು.

"ಎಪ್ಪೋ ಕೇಪ್ಪಾಂಗ?" ಯಾವಾಗ ಕೇಳುತ್ತಾರೆ ಎಂದಳು.

ಅಪ್ಪನಿಗೆ ಅರ್ಥವಾಯಿತು. "ಯಾರೂ ಕೇಳಲ್ಲ ಕಣಮ್ಮ. ನಾವೂ ಅರಕಲಗೂಡಿನಿಂದ ಬಂದೋರೇ. ಈ ಹುಡುಗೀನ ಕಂಕುಳಲ್ಲಿ ಎತ್ಕೊಂಡು ಈ ಸೇತುವೆ ಮೇಲೇ ನಡ್ಕೊಂಡು ಬಂದ್ವಿ. ನಮ್ಮನ್ನೂ ಯಾರೂ ಕೇಳ್ಲಿಲ್ಲ."

ಹಾಗೆ ಬಂದವಳು ನಾನು ಎಂಬುದನ್ನು ಅಷ್ಟು ದಿನ ನಾನು ಯೋಚಿಸಿಯೇ ಇರಲಿಲ್ಲ. ಊರು ನನ್ನದೇ ಎಂದುಕೊಂಡು ಬೆಳೆದಿದ್ದೆ. ಹಾಗೆಂದುಕೊಳ್ಳಲು ಬಿಟ್ಟವರಿಗೆ ನಾನೆಷ್ಟು ಋಣಿ ಎಂದು ಮೊದಲ ಸಲ ಅನ್ನಿಸಿದ್ದು ಆ ಬಸ್ಸಿನಲ್ಲಿ.

ಎಲ್ಲವೂ ಸುಖವಾಗಿ ಮುಗಿಯಿತೆಂದು ಹೇಳಲಾರೆ. ಅತ್ತಿಗೆಯ ಅಪ್ಪನ ಅರ್ಜಿ ಬಹಳ ವರ್ಷಗಳ ಮೇಲೆ ಗೆದ್ದಿತು, ಆತ ಸಿಲೋನಿನ ಪ್ರಜೆಯಾದ. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಬೇಕೆಂದರೆ ಎರಡು ದೇಶಗಳ ಅನುಮತಿ ಬೇಕಾಯಿತು. ನೋಡಿದ್ದು ಒಂದೇ ಸಲ. ಆದರೆ ಅತ್ತಿಗೆ ಬಂದ ವರ್ಷವೇ ಅವರಿಬ್ಬರೂ ಮಗುವನ್ನು ಎತ್ತಿಕೊಂಡು ಪುದೂರಿಗೆ ಹೋಗಿ ಆ ಮುದುಕಿಯ ಮನೆಯಲ್ಲಿ ಒಂದು ವಾರ ಇದ್ದು ಬಂದರು. ಮುದುಕಿ ಮಗುವಿನ ಎಡಗಿವಿಯ ಹಿಂದೆ ಮುಟ್ಟಿ ಮುಟ್ಟಿ ನೋಡಿದಳಂತೆ.

ಕೊಡಗು ಮೈಸೂರಿಗೆ ಸೇರಿ ಕೆಲವು ವರ್ಷಗಳಾದ ಮೇಲೆ ನನಗೆ ನಾಪೋಕ್ಲಿನ ಶಾಲೆಗೆ ವರ್ಗವಾಯಿತು. ಪಾರುಪತ್ಯಗಾರರು ಕೆಲಸದಿಂದ ನಿವೃತ್ತರಾಗಿ ಅಲ್ಲೇ ಹತ್ತಿರ ತಮ್ಮ ಗದ್ದೆ ತೋಟ ನೋಡಿಕೊಂಡಿದ್ದರು. ಒಂದು ಶನಿವಾರ ವಿಳಾಸ ಕೇಳಿಕೊಂಡು ಹೋದೆ. ಮೀಸೆ ಬೆಳ್ಳಗಾಗಿತ್ತು. ಅವರಿಗೆ ನನ್ನ ಗುರುತು ಸಿಗಲಿಲ್ಲ. ಕಿವಿಯ ಹಿಂದಿನ ಕಲೆ ಎಂದ ಕೂಡಲೇ ಎಲ್ಲ ನೆನಪಾಯಿತು.

"ಆ ಹೆಣ್ಣು ಬಂದಳಾ?" ಎಂದರು ಮೊದಲು.

ಬಂದಳು ಎಂದೆ. ಇಬ್ಬರು ಮಕ್ಕಳು, ದೊಡ್ಡವಳು ಮಾದಾಪುರದಲ್ಲಿ ಓದುತ್ತಿದ್ದಾಳೆ ಎಂದೆ. ಮನೆಯೊಳಗೆ ಹೆಂಡತಿಯನ್ನು ಕೂಗಿ ಕೊಡವ ಭಾಷೆಯಲ್ಲಿ ಅದನ್ನು ಹೇಳಿದರು.

"ಸ್ವಾಮಿ, ಒಂದು ಕೇಳ್ಲಾ? ಆವತ್ತು ಆ ಹೆಬ್ಬೆಟ್ಟು ನಿಜವೋ ಸುಳ್ಳೋ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗ್ಲಿಲ್ಲ. ಅಧಿಕಾರಿಗೆ ಮನವರಿಕೆ ಆಗ್ಬೇಕು ಅಂತ ಇತ್ತು ರೂಲು. ನನಗೆ ಆಯ್ತು, ಬರ್ದೆ. ಮೊದ್ಲು ಬಂದಾಗ ಆಗಿರಲಿಲ್ಲ, ಕಳಿಸ್ದೆ." ಮತ್ತೆ ಅವರೇ ಹೇಳಿದರು: "ಆವತ್ತು ನಿಮ್ಮನ್ನು ವಾಪಾಸು ಕಳಿಸಿ ರಾತ್ರಿ ಊಟ ಸೇರ್ಲಿಲ್ಲ, ತಿಳೀತಾ?"

ನಾನು ಸಿಟ್ಟು ಮಾಡಿಕೊಂಡು ನಡೆದ ಆ ಐದಾರು ಮೈಲಿ ನೆನಪಾಗಿ ನಾಚಿಕೆಯಾಯಿತು. ಅವರ ಉಪಕಾರ ಸ್ಮರಿಸಲೆಂದೇ ಹೋಗಿದ್ದೆ. ಅಣ್ಣನ ಪರವಾಗಿ, ಅತ್ತಿಗೆಯ ಪರವಾಗಿ, ನನ್ನ ನೌಕರಿಯ ಪರವಾಗಿ ಎಂದು ಒಂದೊಂದೇ ಹೇಳಿದೆ. ಅವರು ಕೈ ಬೀಸಿ, ಮಾತು ತಿರುಗಿಸಿ, ಶಾಲೆಯಲ್ಲಿ ಮಕ್ಕಳು ಎಷ್ಟು, ಹೆಂಚಿನ ಮಾಡು ಸೋರುತ್ತದಾ ಎಂದೆಲ್ಲ ವಿಚಾರಿಸಿದರು. ಸೋರುತ್ತದೆ ಎಂದೆ. ಮುಂದಿನ ವಾರ ಇಬ್ಬರು ಆಳುಗಳು ಹೆಂಚು ಹೊತ್ತು ಶಾಲೆಗೆ ಬಂದರು.